ಸಿದ್ದವ್ವನ ಹಾಸೂ ಸರಕಿನ ವಿಮಾನವೂ

ಶ್ರಾವಣದ ಆ ಮಂಗಳವಾರ ಸಿದ್ದವ್ವನ ಹಾಸಿನ ಮೇಲಿನ ಗಂಜಿ ಎಂದಿನಂತೆ ಒಂದು ತಾಸಿನಲ್ಲಿ ಆರಿಬಿಟ್ಟಿದ್ದರೆ ಅಂದಾನಪ್ಪನ ಪಾಡು ಹಾಗಾಗುತ್ತಿರಲಿಲ್ಲ. ಆದರೆ ಅಂದು ಬೆಳಗಿನಿಂದ ಬಿಸಿಲಿನ ಸುಳಿವೇ ಇಲ್ಲ. ಆಕಾಶ ತೊಯ್ದ ಕಂಬಳಿಯ ಹಾಗೆ ತಲೆಯ ಮೇಲೇ ಜೋತುಬಿದ್ದಿತ್ತು.

ಅಂದಾನಪ್ಪ ಹುನಗುಂದಕ್ಕೂ ಇಳಕಲ್ಲಿಗೂ ನಡುವೆ ಎರೆಹೊಲಗಳಲ್ಲಿ ಮಲಗಿದ್ದ ವಿಮಾನ ಪಟ್ಟಿಯ ಚೌಕೀದಾರ. ಮಹಾಯುದ್ಧದ ಕಾಲದಲ್ಲಿ ಯಾರೋ ಹಾಕಿಸಿದ ಪಟ್ಟಿ. ಒಂದೂವರೆ ಮೈಲಿ ಉದ್ದ, ಹೂಡಿದ ಎತ್ತು ನಾಚುವಷ್ಟು ನೆಟ್ಟಗೆ. ಅವನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅಲ್ಲಿ ಇಳಿದದ್ದು ಮೂರೇ ವಿಮಾನ. ಮೂರೂ ಮಿಡತೆಯಂಥವು. ಉಳಿದ ದಿನಗಳಲ್ಲಿ ಅವನು ಪಟ್ಟಿ ಗುಡಿಸುತ್ತಿದ್ದ, ಆಡು ಅಟ್ಟುತ್ತಿದ್ದ, ಸಂಜೆ ರಿಜಿಸ್ಟರಿನಲ್ಲಿ "ವಿಮಾನ ಬಂದಿಲ್ಲ" ಎಂದು ಬರೆದು ಸಹಿ ಹಾಕುತ್ತಿದ್ದ.

ಅವನು ಬರೆಯದೆ ಬಿಡುತ್ತಿದ್ದ ಸಂಗತಿ ಒಂದಿತ್ತು. ಪಟ್ಟಿಯ ಮೇಲೆ ನೇಕಾರರ ಓಣಿಯವರು ಹಾಸು ಹಾಸುತ್ತಿದ್ದರು. ಸೀರೆಯ ಉದ್ದಕ್ಕೆ ಹೋಗುವ ಸಾವಿರಾರು ಎಳೆಗಳೇ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬಯಲಲ್ಲಿ ಗೂಟಗಳಿಗೆ ಬಿಗಿದು ಕಟ್ಟಿ, ನಡುನಡುವೆ ಕೋಲಿನ ಆಸರೆ ಕೊಟ್ಟು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಒಣಗುವ ತನಕ ಸಡಿಲಿಸುವಂತಿಲ್ಲ, ಸುತ್ತುವಂತಿಲ್ಲ. ಹಸಿ ಇದ್ದಾಗ ಸುತ್ತಿದರೆ ಎಳೆಗೆ ಎಳೆ ಅಂಟಿ ಹಗ್ಗವಾಗಿಬಿಡುತ್ತದೆ.

ಒಂಬತ್ತು ವರ್ಷಗಳ ಹಿಂದೆ ಓಣಿಯಲ್ಲಿ ಬಿಗಿದಿದ್ದ ಸಿದ್ದವ್ವನ ಹಾಸಿನ ಮೇಲೆ ಯಾರದೋ ಚಕ್ಕಡಿ ಹಾದುಹೋಗಿತ್ತು. ಗಂಡ ಸತ್ತ ವರ್ಷ ಅದು. ಹರಿದ ಎಳೆಗಳನ್ನು ಉಡಿಯಲ್ಲಿ ಹಾಕಿಕೊಂಡು ಅವಳು ಅಳದೆ ಕೂತದ್ದನ್ನು ಅಂದಾನಪ್ಪ ನೋಡಿದ. "ನಾಳಿಂದ ನನ್ನ ಪಟ್ಟಿ ಮ್ಯಾಲ ಹಾಸ್ರಿ" ಎಂದುಬಿಟ್ಟ. ಅಂದಿದ್ದಷ್ಟೇ, ಅಂದಿನಿಂದ ಅವನಿಗೆ ನೆಮ್ಮದಿಯ ನಿದ್ದೆಯಿಲ್ಲ. ಪಟ್ಟಿಯ ಮೇಲೆ ಶೇಂಗಾ ಒಣಗಿಸಲು ಬಿಟ್ಟ ತಪ್ಪಿಗೆ ಬೇರೆ ಕಡೆಯ ಚೌಕೀದಾರನೊಬ್ಬ ಮನೆಗೆ ಹೋಗಿದ್ದ. ಅಂದಾನಪ್ಪನ ಪೆನ್ಶನ್ನಿಗೆ ಇನ್ನು ಹದಿನಾಲ್ಕು ತಿಂಗಳು. ದಾರಿಯಲ್ಲಿ ಜೀಪಿನ ಸದ್ದಾದರೂ ಸಾಕು, ಅವನು ಪಟ್ಟಿಯ ಪಕ್ಕದ ತನ್ನ ಕೋಣೆಯಿಂದ ಹೊರಗೆ ಓಡಿ ಬರುತ್ತಿದ್ದ.

ಹತ್ತೂವರೆಗೆ ಕೋಣೆಯ ಕರಿಯ ಫೋನು ಬಡಿದುಕೊಂಡಿತು. ಬಾಗಲಕೋಟೆಯಿಂದ ಓವರ್‌ಸೀಯರ್ ಅಮರಪ್ಪ.

"ಅಂದಾನಪ್ಪ, ಪಟ್ಟಿ ಸ್ವಚ್ಛ ಐತಿಲ್ಲೋ?"

"ಐತ್ರಿ ಸಾಹೇಬ್ರ." ಕಿಟಕಿಯ ಆಚೆ, ಪಟ್ಟಿಯ ನಟ್ಟನಡುವೆ, ಐವತ್ತು ಗಜದ ದಾಳಿಂಬೆ ಕೆಂಪಿನ ಹಾಸು ಮೈಚಾಚಿಕೊಂಡಿತ್ತು.

"ಸರಕಿನ ವಿಮಾನ ಒಂದು ಬರ್ತೈತಿ. ಮುಂಬಯಿಯಿಂದ ಹೊಂಟಿದ್ದು. ಹೈದರಾಬಾದದಾಗ ಬಿರುಮಳಿ, ಬೆಳಗಾವ್ಯಾಗ ಮೋಡ, ಎಲ್ಲೂ ಇಳ್ಯಾಕ ಬರವಲ್ದು. ನಕಾಶೆದಾಗ ನಿನ್ನ ಪಟ್ಟಿ ಕಂಡೈತಿ ಅವರಿಗೆ. ಹನ್ನೆರಡಕ್ಕ ಇಳೀತೈತಿ."

"ದೊಡ್ಡದೇನ್ರಿ?"

"ಅದರ ಹೊಟ್ಟ್ಯಾಗ ನಾಕು ಬಸ್ಸು ಹಿಡೀತಾವಂತ. ನೋಡು, ಪಟ್ಟಿ ಮ್ಯಾಲ ಒಂದ ಕಡ್ಡಿ ಇತ್ತಂದ್ರೂ ನಿನ್ನ ನೌಕರಿ ಅಲ್ಲಿಗೆ ಮುಗೀತು. ಸಂಜಿಕ ನಾನ ಬರ್ತೇನಿ."

ಅಂದಾನಪ್ಪ ಫೋನನ್ನು ಇಟ್ಟದ್ದು ಅಂಗಿ ತೂಗುಹಾಕುವ ಗೂಟದ ಮೇಲೆ. ಅದು ಕೆಳಗೆ ಬಿತ್ತು. ಎತ್ತಲಿಲ್ಲ. ಪಟ್ಟಿಯತ್ತ ಓಡಿದ.

ಸಿದ್ದವ್ವ ಹಾಸಿನ ಪಕ್ಕ ಕುಂಚ ಹಿಡಿದು ನಿಂತಿದ್ದಳು. ಸುದ್ದಿ ಕೇಳಿ ಎಳೆಗಳ ಮೇಲೆ ಬೆರಳಾಡಿಸಿದಳು. ಬೆರಳಿಗೆ ಗಂಜಿ ಅಂಟಿತು.

"ಒಂದು ತಾಸು ಬೇಕಣ್ಣಾ."

"ಒಂದು ತಾಸಿಗೆ ಆರ್ತೈತೇನು?"

"ಬಿಸಿಲಿದ್ರ."

ಇಬ್ಬರೂ ಮೇಲೆ ನೋಡಿದರು. ಮೋಡ ಇನ್ನೊಂದು ಗೇಣು ಕೆಳಗೆ ಬಂದ ಹಾಗಿತ್ತು. ಆಗ ಸಿದ್ದವ್ವ ಬುಟ್ಟಿಯಿಂದ ಕತ್ತರಿ ತೆಗೆದು ಅವನ ಕೈಗೆ ಕೊಟ್ಟಳು. "ಕತ್ತರಿಸಿ ಬಾಜೂಕ ಎಳದು ಬಿಡು. ಆರು ಸೀರಿ ಹೋದ್ರ ಹೋಗ್ಲಿ, ನಿನ್ನ ಅನ್ನಕ್ಕಿಂತ ಹೆಚ್ಚಲ್ಲ."

ಅಂದಾನಪ್ಪ ಕತ್ತರಿಯನ್ನು ನೋಡಿದ, ಹಾಸನ್ನು ನೋಡಿದ, ಕತ್ತರಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಪಟ್ಟಿಯ ಬಾಗಿಲಲ್ಲೇ ಚಹಾದಂಗಡಿ ಇಟ್ಟಿದ್ದ ಖಾದರಬಾಷಾ ಅಷ್ಟರಲ್ಲಿ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದ. ಸಹಾಯಕ್ಕೆಂದು ಜನ ಬಂದರು. ಕೆಲವರು ಮೊರ ತಂದು ಗಾಳಿ ಹಾಕಿದರು. ಖಾದರಬಾಷಾನ ಹೆಂಡತಿ ಬಿಬಿಜಾನ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ತಂದು ಹಾಸಿನ ಕೆಳಗೆ ಆಡಿಸತೊಡಗಿದಳು. ಎಳೆ ಸುಟ್ಟ ವಾಸನೆ ಬಂದದ್ದೇ ಸಿದ್ದವ್ವ ಅವಳನ್ನು ಮೆಲ್ಲಗೆ ದೂರ ಕರೆದೊಯ್ದಳು. ಒಬ್ಬರಿಬ್ಬರು ಬಾಯಿಂದ ಊದಿದರು. ಐವತ್ತು ಗಜದ ಹಾಸಿನಲ್ಲಿ ಹತ್ತು ಗಜ ಒಣಗುವಷ್ಟರಲ್ಲಿ ಹನ್ನೊಂದೂವರೆಯಾಯಿತು.

ಖಾದರಬಾಷಾ ಧೈರ್ಯ ಹೇಳಿದ. "ದೊಡ್ಡ ಇಮಾನದ ಗಾಳಿ ಅಂದ್ರ ಹುಡುಗಾಟ ಅಲ್ಲ, ದೋಸ್ತ. ಎಮ್ಮಿ ಸೈತ ಹಾರ್ತಾವ. ನೀ ಕಂಬ ಹಿಡಕೊಂಡು ನಿಂದ್ರು. ಕಂಬ ಹಾರಿದ್ರ ಮಾತ್ರ ಏನೂ ಮಾಡಾಕ ಬರಾಂಗಿಲ್ಲ."

ಅಂದಾನಪ್ಪನ ಬಾಯಿ ಒಣಗಿತು. ಒಣಗಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಒಣಗುತ್ತಿದೆಯಲ್ಲ ಎಂದುಕೊಂಡ.

ಆಗ ಮೋಡದೊಳಗಿಂದ ಸದ್ದು ಕೇಳಿಸಿತು. ಮೊದಲು ದೂರದಲ್ಲಿ ಯಾರೋ ಜೋಳ ಬೀಸಿದ ಹಾಗೆ. ಆಮೇಲೆ ನೆಲವೇ ಬೀಸಿದ ಹಾಗೆ. ಮೊರ ಬೀಸುತ್ತಿದ್ದ ಕೈಗಳು ನಿಂತುಹೋದವು.

"ನಿಂತೇನ್ ನೋಡ್ತೀರಿ," ಎಂದಳು ಓಣಿಯ ಹಿರಿಯಳು ಕಾಳವ್ವ. ಅವಳ ಮಾತಿಗೆ ಓಣಿಯಲ್ಲಿ ನಾಯಿಗಳೂ ಎದುರಾಡುತ್ತಿರಲಿಲ್ಲ. "ಬಿಚ್ಚಾಕ ಬರಾಂಗಿಲ್ಲಂದ್ರ ಇದ್ದಂಗ ಹೊರ್ರಿ. ಕೋಲಿಗೆ ಇಬ್ಬರು. ಎರಡೂ ತುದಿಗೆ ಆರಾರು ಮಂದಿ ಬಿಗಿಹಿಡದು ಜಗ್ಗಿರಿ. ಪಲ್ಲಕ್ಕಿ ಹೊತ್ತಿಲ್ಲೇನು ಎಂದೂ?"

ಇಪ್ಪತ್ತನಾಲ್ಕು ಕೋಲು, ಎರಡು ತುದಿ. ಅರವತ್ತು ಮಂದಿ ಗೂಟ ಕಿತ್ತು, ಹಾಸನ್ನು ನೆಲದಿಂದ ಎತ್ತಿದರು. ಆರು ತಿಂಗಳು ಹೋಮ್‌ಗಾರ್ಡಿನಲ್ಲಿದ್ದ ಖಾದರಬಾಷಾ ಮುಂದೆ ನಿಂತು "ಏಕ್, ದೋ" ಎಂದು ಹೆಜ್ಜೆ ಹಾಕಿಸಿದ. ಎಲ್ಲರೂ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಒಬ್ಬರು ಹಿಂದೆ ಬಿದ್ದರೂ ಹಾಸು ಬಳುಕುತ್ತದೆ. ಬಳುಕಿದರೆ ಎಳೆ ಹರಿಯುತ್ತದೆ. ಅಂದಾನಪ್ಪ ನಡುವಿನ ಕೋಲು ಹಿಡಿದಿದ್ದ. ಅವನ ನಡುಕ ಕೋಲಿಗೆ ದಾಟಿ, ಕೋಲಿನಿಂದ ಎಳೆಗಳಿಗೂ ಇಳಿದು, ಆ ತುದಿಯವರು "ಯಾರದು ಕುಣಿಯಾಕ ಹತ್ತಿದವ್ರು?" ಎಂದು ಕೇಳಿದರು.

"ಸಾವಕಾಶಣ್ಣಾ," ಎಂದಳು ಕೋಲಿನ ಇನ್ನೊಂದು ತುದಿ ಹಿಡಿದಿದ್ದ ಸಿದ್ದವ್ವ. "ನನ್ನ ಮಾರಿ ನೋಡು. ಮ್ಯಾಲ ನೋಡಬ್ಯಾಡ."

ಪಟ್ಟಿಯ ಎಡದಂಚು ಬಂತು. ಅದರಾಚೆ ಮಳೆನೀರು ತುಂಬಿದ ಕಾಲುವೆ, ಮೊಣಕಾಲು ಹೂಳುವ ಎರೆಕೆಸರು. ಮುಂದೆ ಹೋಗುವಂತಿಲ್ಲ. ಹಿಂದೆ ಹೋಗುವಂತೆಯೂ ಇಲ್ಲ. ಮೋಡ ಹರಿದು ವಿಮಾನ ಹೊರಗೆ ಬಂದಿತ್ತು.

ಅದನ್ನು ವಿಮಾನ ಎನ್ನಲು ಅಂದಾನಪ್ಪನಿಗೆ ಮನಸ್ಸು ಬರಲಿಲ್ಲ. ಬಾದಾಮಿಯ ಗುಡ್ಡದ ತುಂಡೊಂದು ಕಿತ್ತುಕೊಂಡು ತನ್ನನ್ನೇ ಹುಡುಕಿಕೊಂಡು ಬಂದ ಹಾಗಿತ್ತು. ಅದರ ರೆಕ್ಕೆ ಹೊಲ ದಾಟಿತು, ಕೋಣೆ ದಾಟಿತು, ಅವರೆಲ್ಲರ ತಲೆಯ ಮೇಲೆ ಬಂತು. ಅರವತ್ತು ಮಂದಿ ಹಾಸನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ತಂತಮ್ಮ ದೇವರನ್ನು ಕೂಗುತ್ತ ನಿಂತರು. ಸದ್ದು ಕಿವಿಯಲ್ಲಲ್ಲ, ಹಲ್ಲಿನಲ್ಲಿ ಕೇಳಿಸಿತು. ಗಾಳಿ ಬಡಿಯಿತು. ಯಾರದೋ ತಲೆಯ ಪಟಗ, ಯಾರದೋ ಕೊಡೆ, ಅಂದಾನಪ್ಪನ ಸರಕಾರಿ ಟೊಪ್ಪಿಗೆ ಕಾಲುವೆ ಹಾರಿ ಹೊಲಕ್ಕೆ ಹೋದವು.

ಕಣ್ಣು ಬಿಟ್ಟಾಗ ವಿಮಾನ ಪಟ್ಟಿಯ ಆ ತುದಿಯಲ್ಲಿ ನಿಂತು ಉಸಿರು ಬಿಡುತ್ತಿತ್ತು. ಸಿದ್ದವ್ವ ಎಳೆಗಳ ಮೇಲೆ ಬೆರಳಾಡಿಸಿದಳು. "ಒಂದೂ ಹರಿದಿಲ್ಲ," ಎಂದಳು. ಗಂಜಿ ಅಂಟದ ಬೆರಳನ್ನು ತೋರಿಸಿ, "ಒಣಗೂ ಒಣಗೈತಿ."

ಯಾರೂ ನಗಲಿಲ್ಲ. ಮೆಟ್ಟಿಲಿಳಿದು ಕೆಂಪು ಮೀಸೆಯ ಪರದೇಶಿ ಪೈಲಟ್ ಒಬ್ಬ ಇವರತ್ತಲೇ ದಾಪುಗಾಲು ಹಾಕುತ್ತ ಬರುತ್ತಿದ್ದ. ಬಂದವನೇ ಹಾಸನ್ನು ತೋರಿಸಿದ, ಆಕಾಶವನ್ನು ತೋರಿಸಿದ, ತನ್ನ ಕಣ್ಣು ತೋರಿಸಿದ, ಅಂದಾನಪ್ಪನ ಎರಡೂ ಹೆಗಲು ಹಿಡಿದು ಅಲುಗಾಡಿಸುತ್ತ ಇಂಗ್ಲಿಷಿನಲ್ಲಿ ಏನೇನೋ ಹೇಳಿದ.

"ತಪ್ಪಾತ್ರಿ," ಎಂದ ಅಂದಾನಪ್ಪ. "ಇನ್ನೊಮ್ಮಿ ಹಿಂಗ ಆಗಾಂಗಿಲ್ರಿ."

ಬಿಬಿಜಾನ ಪೈಲಟ್ಟಿಗೂ ಅವನ ಜೊತೆಯವರಿಗೂ ಚಹಾ ಕೊಟ್ಟಳು. ದೂರದಿಂದ ಬಂದವರು, ಮುಖ ಬಾಡಿತ್ತು. ಎರಡು ತಾಸಿನಲ್ಲಿ ವಿಮಾನದ ರೇಡಿಯೋದಲ್ಲಿ ಹೈದರಾಬಾದಿನ ಮಳೆ ನಿಂತ ಸುದ್ದಿ ಬಂತು. ವಿಮಾನ ಹೊರಟುಹೋಯಿತು.

"ಏನಂದ ಅವ?" ಎಂದು ಅಂದಾನಪ್ಪ ಖಾದರಬಾಷಾನನ್ನು ಕೇಳಿದ.

"ಇಂಗ್ಲಿಷ್ ನನಗ ಪೂರಾ ಬರಾಂಗಿಲ್ಲ. ಆದ್ರ ರಿಪೋರ್ಟ್ ಅಂದ. ಎರಡು ಸರತಿ ಅಂದ. ಒಂದು ಸರತಿ ಅಂದಿದ್ರ ನಾ ನಿನಗ ಹೇಳ್ತಿದ್ದಿಲ್ಲ."

ಅಂದಾನಪ್ಪ ಪಟ್ಟಿಯ ಅಂಚಿನಲ್ಲಿ ಕುಸಿದು ಕೂತ. ರಿಪೋರ್ಟ್ ಹೋದರೆ ನೌಕರಿ ಹೋಯಿತು, ಕೋಣೆ ಹೋಯಿತು, ಪೆನ್ಶನ್ ಹೋಯಿತು. ಅವನ ಹೆಂಡತಿ ಬಸಲಿಂಗವ್ವ ರೊಟ್ಟಿ, ಶೇಂಗಾಹಿಂಡಿ ತಂದು ಮುಂದಿಟ್ಟು ಪಕ್ಕದಲ್ಲಿ ಕೂತಳು. ಅವನು ರೊಟ್ಟಿಯ ಒಂದು ಚೂರು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದ.

ಅದನ್ನು ನೋಡಿ ಓಣಿಯವರ ಕರುಳು ಚುರುಕ್ಕೆಂದಿತು. ಒಂಬತ್ತು ವರ್ಷ ತಮಗಾಗಿ ಹೆದರಿದ ಮನುಷ್ಯ. ಸಿದ್ದವ್ವ ಎದ್ದಳು, ಕಾಳವ್ವನ ಕಿವಿಯಲ್ಲಿ ಏನೋ ಹೇಳಿದಳು. ಎಲ್ಲರೂ ಒಣಗಿದ ಹಾಸು ಸುತ್ತಿದರು, ಗೂಟದ ಕುಳಿ ಮುಚ್ಚಿದರು, ಗಂಜಿಯ ಕಲೆಯನ್ನು ಕೊಡದ ನೀರು ಹಾಕಿ ತೊಳೆದರು. ಆಮೇಲೆ ಕಾಳವ್ವನ ಹಿಂದೆ ಓಣಿಗೆ ಹೋದರು. ಅಲ್ಲಿ ಮನೆಮನೆಯ ಮಗ್ಗದ ಮುಂದೆ ದೀಪ ಹಚ್ಚಿ, ನೇಕಾರರ ಕುಲದೇವಿ ಬನಶಂಕರಿಯ ಮೇಲೆ ಆಣೆ ಮಾಡಿಸಿದಳು ಕಾಳವ್ವ: ಇನ್ನು ಮೇಲೆ ಯಾರೂ ವಿಮಾನ ಪಟ್ಟಿಯ ಮೇಲೆ ಒಂದು ಎಳೆಯನ್ನೂ ಹಾಸುವಂತಿಲ್ಲ. ಹತ್ತಿರದ ನಾಲ್ಕು ಹಳ್ಳಿಗಳ ನೇಕಾರರಿಂದಲೂ ಅದೇ ಆಣೆ ಮಾಡಿಸಲು ಆಳು ಕಳಿಸಿದಳು. ಖಾದರಬಾಷಾನೂ ದರ್ಗಾದ ಕಡೆ ಮುಖ ಮಾಡಿ ಆಣೆ ಮಾಡಿದ. "ನಮ್ಮ ಮನ್ಯಾಗ ಮಗ್ಗ ಇಲ್ಲ ಖರೆ," ಎಂದ, "ಆದ್ರೂ ಇರ್ಲಿ."

ಐದು ಗಂಟೆಗೆ ಜೀಪು ಬಂತು. ಅಂದಾನಪ್ಪ ಅಷ್ಟು ಹೊತ್ತಿಗೆ ಹೆದರಿ ಹೆದರಿ ಹಗುರಾಗಿದ್ದ; ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ.

ಅಮರಪ್ಪ ಇಳಿದು ಪಟ್ಟಿಯನ್ನೊಮ್ಮೆ ನೋಡಿದ. "ಪೈಲಟ್ ರಿಪೋರ್ಟ್ ಕೊಟ್ಟಾನ," ಎಂದ.

"ಕೇಳೇನ್ರಿ."

"ಪಟ್ಟಿ ಬಾಜೂಕ ಕೆಂಪು ಗೆರಿ ಇತ್ತಂತ. ಅರವತ್ತು ಮಂದಿ ಸಾಲಾಗಿ ಹಿಡದು ನಿಂತಿದ್ರಂತ. ನನ್ನ ಹೆಂಡ್ತಿ ತವರುಮನಿ ನೇಕಾರರ ಊರು ಗುಳೇದಗುಡ್ಡ, ಅಂದಾನಪ್ಪ. ಅದು ಹಾಸು ಅಂತ ನನಗ ತಿಳಿಯಾಂಗಿಲ್ಲೇನು?"

"ತಪ್ಪಾತ್ರಿ ಸಾಹೇಬ್ರ."

"ಎಂಥಾ ತಪ್ಪೋ ಮಾರಾಯಾ. ಮೋಡದಾಗ ಅವಗ ಪಟ್ಟಿ ಎಲ್ಲೈತಿ, ಹೊಲ ಎಲ್ಲೈತಿ ತಿಳೀವಲ್ದಾಗಿತ್ತು. ಆ ಕೆಂಪು ಗೆರಿ ಹಿಡದ ಇಳದೇನಿ, ಇಲ್ಲಾಂದ್ರ ಕೆಸರಿನ್ಯಾಗ ಹೋಗ್ತಿದ್ದೆ ಅಂದಾನ. ಚೌಕೀದಾರ ಭಾಳ ಶಾಣ್ಯಾ ಅಂತ ಬರದಾನ. ವಿಜಾಪುರದ ದೊಡ್ಡ ಸಾಹೇಬ್ರು ನಿನ್ನ ಹೆಸರು ಕೇಳ್ಯಾರ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಅಂದಾನಪ್ಪ ಸಾಹೇಬನ ಮುಖವನ್ನು ನೆಟ್ಟಗೆ ನೋಡಿದ. ಉಸಿರು ಎಷ್ಟು ಸಲೀಸಾಗಿ ಒಳಗೆ ಹೋಗುತ್ತದೆಂದು ಅವನಿಗೇ ಸೋಜಿಗವಾಯಿತು.

"ಈ ಮಳಿಗಾಲ ಮುಗಿಯೂ ತನಕ ಅಂಥ ವಿಮಾನ ಎಲ್ಲಾ ಇಲ್ಲೇ ಇಳೀತಾವ," ಎಂದ ಅಮರಪ್ಪ. "ನಾಳಿ ಹತ್ತಕ್ಕ ಒಂದು ಬರ್ತೈತಿ. ಇದಕ್ಕಿಂತ ದೊಡ್ಡದು. ಆ ಕೆಂಪು ಹಾಸು ಅಲ್ಲೇ ಇರಬೇಕು, ಹಿಡ್ಯಾಕ ಅರವತ್ತು ಮಂದಿ ನಿಂತಿರಬೇಕು. ಹುಕುಮ್ ಆಗೈತಿ."

"ಕೆಂಪು ಬಟ್ಟಿ ಕಟ್ಟಿದ್ರ ನಡ್ಯಾಂಗಿಲ್ಲೇನ್ರಿ?"

"ಬಟ್ಟಿ ಹಾರಿ ಎಂಜಿನ್ನಾಗ ಹೋತಂದ್ರ? ಎಳ್ಯಾಗ ಹಾದು ಗಾಳಿ ಹೋಕ್ಕೈತಿ, ಅದಕ್ಕ ಹಾಸ ಬೇಕಂತ ಬರದಾನ. ನಾಳಿ ಹಾಸು ಇರಲಿಲ್ಲಂದ್ರ ನಿನ್ನ ನೌಕರಿ ನಾ ಉಳಸಾಕ ಆಗಾಂಗಿಲ್ಲ, ನೋಡು."

ಜೀಪು ಹೋಯಿತು. ಅಂದಾನಪ್ಪ ಓಣಿಗೆ ಓಡಿದ. ಸಿದ್ದವ್ವ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಹಿಂದೆ ಮಗ್ಗದ ಮುಂದೆ ದೀಪ ಉರಿಯುತ್ತಿತ್ತು.

"ಬಾ ಅಣ್ಣಾ. ಸಾಹೇಬ ಬೈದನೇನು?"

"ಇಲ್ಲ ತಂಗಿ. ನಾಳಿ ಆ ಹಾಸು ಪಟ್ಟಿ ಮ್ಯಾಲ..."

"ಆ ಮಾತು ಎತ್ತಬ್ಯಾಡ." ಸಿದ್ದವ್ವನ ದನಿ ತುಂಬ ಮೃದುವಾಗಿತ್ತು. "ಊರೆಲ್ಲಾ ಬನಶಂಕರಿ ಮ್ಯಾಲ ಆಣಿ ಮಾಡೇವಿ, ಇನ್ನ ಅಲ್ಲಿ ಹಾಸಾಂಗಿಲ್ಲ ಅಂತ. ನಿನ್ನ ಮನಸು ಮೆತ್ತಗ. ನಾಳಿ ಯಾರದರ ಕಷ್ಟ ಕಂಡು ನೀನ ಬಂದು ಹಾಸ್ರಿ ಅಂತಿ ಅಂತ ಕಾಳವ್ವಗ ಗೊತ್ತು. ಅದಕ್ಕ ಆಣ್ಯಾಗ ಅದನ್ನೂ ಸೇರ್ಸ್ಯಾಳ. ಅಂದಾನಣ್ಣ ತಾನ ಬಂದು ಕಾಲು ಹಿಡದ್ರೂ ಹಾಸಾಂಗಿಲ್ಲ."

ಕಾಲು ಹಿಡಿಯಲೆಂದು ಅರ್ಧ ಬಗ್ಗಿದ್ದ ಅಂದಾನಪ್ಪ ಹಾಗೆಯೇ ನಿಂತ. ಅವನ ಮುಖ ನೋಡಿ ಅಕ್ಕಪಕ್ಕದ ಬಾಗಿಲುಗಳಿಂದ ಒಬ್ಬೊಬ್ಬರೇ ಹೊರಗೆ ಬಂದರು. ಖಾದರಬಾಷಾ ಅವನ ಬೆನ್ನ ಮೇಲೆ ಕೈಯಿಟ್ಟ.

"ಹೆದರಬ್ಯಾಡ, ದೋಸ್ತ," ಎಂದ. "ನಾವು ಅರವತ್ತು ಮಂದಿ ಅದೇವಿ. ನಾಳಿ ಒಬ್ಬರೂ ಆ ಕಡೆ ಕಾಲಿಡಾಂಗಿಲ್ಲ."