ಮೂರನೇ ಸಲಕ್ಕೆ ಊಂ

ಪಕ್ಕದ ಮನೆಯ ಅಮ್ಮಾಜಮ್ಮ ಬೆಳಗ್ಗೆಯೇ ಅವರೆಕಾಳು ಸಾರು ತಂದುಕೊಟ್ಟು, "ಎಂಗೈತಮ್ಮ?" ಎಂದು ಕೇಳಿದ್ದೇ ತಪ್ಪಾಯಿತು. ಸುಕನ್ಯ ರುಚಿ ನೋಡಿ, "ಉಪ್ಪು ಜಾಸ್ತಿ. ಕಾಳೂ ಬೆಂದಿಲ್ಲ" ಎಂದಳು. ಅಮ್ಮಾಜಮ್ಮನ ಮುಖ ಒಡೆದ ಹಾಲಿನಂತಾಯಿತು.

ಅಪ್ಪ ಮುನಿರಾಜು ತಲೆ ಚಚ್ಚಿಕೊಂಡ. ಇಪ್ಪತ್ತೆರಡು ತುಂಬಿದ ಮಗಳು. ಓದಿನಲ್ಲಿ ಚುರುಕು, ಆದರೆ ಜನ ಆಡುವ ಮಾತಿನ ಹಿಂದೆ ಇನ್ನೊಂದು ಮಾತಿರುತ್ತದೆ ಎಂಬುದು ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. ಸೇರಿದ ಕಡೆಯೆಲ್ಲ ವಾರದಲ್ಲೇ ಕೆಲಸ ಹೋಗಿತ್ತು. ಇವತ್ತು ಆಂಡರ್ಸನ್‌ಪೇಟೆಯ ಬಟ್ಟೆ ಅಂಗಡಿ ಕುಪ್ಪುಸ್ವಾಮಿ, ಅವಳನ್ನು ಕೆಲಸಕ್ಕೆ ನೋಡಲು ತಾವಾಗಿಯೇ ಇವರ ಊರು ಕ್ಯಾಸಂಬಳ್ಳಿಗೆ ಬರುವವರಿದ್ದರು. ಇದೂ ತಪ್ಪಿದರೆ, ತಾನಿಲ್ಲದ ಕಾಲಕ್ಕೆ ಇವಳ ಗತಿ?

ಹಾಲು ಕರೆಯುತ್ತಲೇ ಪಾಠ ಶುರುಮಾಡಿದ. "ನೋಡಮ್ಮ, ಯಾರ್ ಏನ್ ತೋರ್ಸಿದ್ರೂ ಚೆನ್ನಾಗೈತೆ ಅನ್ನು. ಯಾರಾದ್ರೂ ಕರೆದ್ರೆ, ಏನಾದ್ರೂ ಕೊಟ್ರೆ, ಎರಡು ಸಲ ಬ್ಯಾಡ ಅನ್ನು. ಮೂರ್ನೇ ಸಲಕ್ಕೆ ಊಂ. ಎಲ್ರೂ ಅಂಗೇ ಮಾಡೋದು."

"ಬೇಕಿದ್ರೂನಾ?"

"ಬೇಕಿದ್ರೇನೇ!"

"ಯಾಕಪ್ಪ ಇಂಗೆ?"

ಮುನಿರಾಜುವಿಗೂ ಗೊತ್ತಿರಲಿಲ್ಲ. "ಮರ್ಯಾದೆ ಕಣಮ್ಮ" ಎಂದ. ಹಸು ಒದೆಯಿತು.

ಮಧ್ಯಾಹ್ನ ಕುಪ್ಪುಸ್ವಾಮಿ ಸ್ಕೂಟರಿನಲ್ಲಿ ಬಂದರು. ನೋಡಲು ಅಮ್ಮಾಜಮ್ಮನೂ ಬೇಲಿಯಾಚೆ ಬಂದು ನಿಂತಳು.

"ಕಾಪಿ ತಕೊಳ್ಳಿ ಸಾರ್."

"ಬೇಡ ಮಾ, ನಂಗೆ ಗ್ಯಾಸ್ಟ್ರಿಕ್."

ಎರಡನೇ ಸಲವೂ ಬೇಡವೆಂದರು. ಮೂರನೇ ಸಲ ಸುಕನ್ಯ ಲೋಟವನ್ನು ಕೈಗೇ ತುರುಕಿದಳು. ಪಾಪ, ಕುಡಿದರು. ಮುನಿರಾಜು ಮೀಸೆ ತಿರುವಿದ.

ಕುಪ್ಪುಸ್ವಾಮಿಯವರ ಅಂಗಿ ಹೊಟ್ಟೆಯ ಮೇಲೆ ಇನ್ನೇನು ಗುಂಡಿ ಸಿಡಿಸುವಂತಿತ್ತು. "ಈ ಶರ್ಟು ನಂಗೆ ಹೇಗಿದೆ ಮಾ?"

ಸುಕನ್ಯ ಗುಂಡಿ ನೋಡಿದಳು. ಅಪ್ಪನನ್ನು ನೋಡಿದಳು. "ಚೆನ್ನಾಗೈತೆ ಸಾರ್."

"ನಾಳೆಯಿಂದ ಅಂಗಡಿಗೆ ಬರ್ತೀಯಾ?"

"ಬ್ಯಾಡ ಸಾರ್."

ಮುನಿರಾಜು ಒಂದು ಬೆರಳು ಮಡಚಿ, ಎರಡನೇ ಸಲಕ್ಕೆ ಕಾದ. ಕುಪ್ಪುಸ್ವಾಮಿ ಎದ್ದು ಚಪ್ಪಲಿ ಮೆಟ್ಟಿದರು.

"ನಿಂಗೆ ಬುದ್ಧಿ ಇಲ್ವೇನ್ಲಾ, ಓಡು!" ಎಂದು ಬೇಲಿಯಾಚೆಯಿಂದ ಅಮ್ಮಾಜಮ್ಮ ಕೂಗಿದಳು. ಮುನಿರಾಜು ಸ್ಕೂಟರಿನ ಮುಂದೆ ಅಡ್ಡ ನಿಂತ.

"ಬತ್ತಾಳೆ ಸಾರ್! ಬ್ಯಾಡ ಅನ್ನೋಕೆ ನಾನೇ ಏಳ್ಕೊಟ್ಟಿದ್ದು. ಜನರತ್ರ ಎಂಗಿರ್ಬೇಕೋ ಎಲ್ಲಾ ಕಲ್ತವ್ಳೆ!"

"ಅದೇ ಪಾ ಕಷ್ಟ" ಎಂದರು ಕುಪ್ಪುಸ್ವಾಮಿ. "ಕಲಿತವರು ಅಂಗಡಿ ತುಂಬ ಇದ್ದಾರೆ. ಯಾರು ಏನು ಹಾಕ್ಕೊಂಡ್ರೂ ಸೂಪರ್ ಅಂತಾರೆ. ಮಾರನೇ ದಿನ ಎಲ್ಲಾ ವಾಪಸ್ಸು. ನಿಮ್ಮ ಹುಡುಗಿ ಇದ್ದದ್ದು ಇದ್ದಂಗೆ ಹೇಳ್ತಾಳೆ ಅಂದ್ರು. ನೋಡೋಣಾಂತ ಮಗನ ಶರ್ಟು ಹಾಕ್ಕೊಂಡು ಬಂದೆ. ಅದಕ್ಕೂ ಚೆನ್ನಾಗೈತೆ ಅಂದ್ಳು; ಇನ್ನೊಂದು ಸಲ ನೋಡೋಣಾಂತ ಕೆಲಸಕ್ಕೆ ಕರೆದ್ರೆ ಅದಕ್ಕೂ ಸುಳ್ಳು."

"ಅಯ್ಯೋ, ನಿಜ್ವಾಗ್ಲೂ ಟೈಟು ಸಾರ್ ಅದು!" ಎಂದ ಮುನಿರಾಜು.

"ಈಗ ಹೇಳಿ ಏನು ಪಾ ಪ್ರಯೋಜನ?"

ಸ್ಕೂಟರ್ ಧೂಳೆಬ್ಬಿಸಿ ಹೋಯಿತು. ಬಾಗಿಲಲ್ಲಿ ಸುಕನ್ಯ ಕಣ್ಣರಳಿಸಿಕೊಂಡು ನಿಂತಿದ್ದಳು.

"ನಾನ್ ಸರಿಯಾಗಿ ಮಾತಾಡಿದ್ನಾ ಅಪ್ಪಾ?"

ಮುನಿರಾಜು ಅವಳ ಮುಖವನ್ನೇ ನೋಡಿದ. "ಬಲೇ ಚೆನ್ನಾಗಿ ಮಾತಾಡ್ದೆ ಕಣಮ್ಮ" ಎಂದ.

ಅವಳು ನಂಬಿದಳು.