ಅಲ್ಲಾಡ್ಬೇಡಿ ಅಂದರೆ ಕೇಳದ ಕಡಲಹಕ್ಕಿ

ನೂರಾರು ಫೋಟೋ ತೆಗೆದರೂ ಒಂದರಲ್ಲೂ ಹಕ್ಕಿ ಇಲ್ಲದ ಪಕ್ಷಿ ಛಾಯಾಗ್ರಾಹಕರನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲೇ ಒಬ್ಬರಿದ್ದರು, ನನ್ನ ಚಿಕ್ಕಪ್ಪ!

ತೊಂಬತ್ತರ ದಶಕದಲ್ಲಿ ಗುಂಡ್ಲುಪೇಟೆ ಸುತ್ತಮುತ್ತ ಯಾರ ಮದುವೆಯಾದರೂ ಫೋಟೋ ಅವರದೇ. "ರೆಡೀ... ಅಲ್ಲಾಡ್ಬೇಡಿ!" ಎಂದು ಅವರು ಕೂಗಿದರೆ ಗಂಡು-ಹೆಣ್ಣಿರಲಿ, ಬೀದಿಯಲ್ಲಿ ಹೋಗುತ್ತಿದ್ದ ಬಸ್ಸೂ ನಿಂತುಬಿಡಬೇಕು. ಕೂಗದೆ ಗುಂಡಿ ಒತ್ತಲು ಅವರಿಗೆ ಬರುತ್ತಲೇ ಇರಲಿಲ್ಲ.

ಇಂಥವರಿಗೆ ಕಡಲಹಕ್ಕಿಯ ಹುಚ್ಚು ಹಿಡಿಸಿದವಳು ತೆರಕಣಾಂಬಿಯಲ್ಲಿದ್ದ ನಮ್ಮಜ್ಜಿ, ಅವರ ತಾಯಿ. ನೀರಿನ ಮೇಲೇ ನಿದ್ದೆ ಮಾಡುವ ಬಿಳಿ ಹಕ್ಕಿಯ ವಿಷಯ ರೇಡಿಯೋದಲ್ಲಿ ಕೇಳಿ, "ಅದ್ನ ಒಂದಪ, ಒಂದೇ ಒಂದ್ ಸಲ ನೋಡ್ಬುಡಬೇಕು ಕಣ್ಲಾ" ಅಂದಳು. ಅಜ್ಜಿಯ ಕಣ್ಣಿನ ನರ ಸೋಲುತ್ತಿತ್ತು. ಈ ವರ್ಷ ಕಂಡದ್ದಷ್ಟೇ ಲಾಭ ಅಂದಿದ್ದರು ಡಾಕ್ಟರು.

ಸರಿ, ಚಿಕ್ಕಪ್ಪ ಕಲ್ಲಿಕೋಟೆಯ ಬಸ್ಸು ಹತ್ತಿದರು. ದಂಡೆಯ ದೋಣಿಯ ಮೇಲೆ ಹಕ್ಕಿ ಕೂತಿದ್ದೇ ತಡ, "ರೆಡೀ... ಅಲ್ಲಾಡ್ಬೇಡಿ!" ಹಕ್ಕಿ ನಿಲ್ಲುತ್ತದೆಯೇ? ಅದೇನು ಮದುಮಗನೇ? ಹೋದಾಗಲೆಲ್ಲ ಇದೇ ಕತೆ; ರೀಲು ತೊಳೆದು ನೋಡಿದರೆ ಬರೀ ದೋಣಿ, ಬರೀ ಆಕಾಶ. ಒಂದರ ಮೂಲೆಯಲ್ಲಿ ಬಾಲವೇನೋ ಇತ್ತು; ಅದು ನಾಯಿಯದು!

"ನಾಕ್ ಸಲ ಓಗಿ ಬರೀ ದೋಣಿ ಫೋಟೋ ತಂದಿದ್ದೀಯಲ್ಲಾ!" ಅಜ್ಜಿ ನಕ್ಕಳು.

"ಅದ್ಕೆ ಮರ್ವಾದಿ ಗೊತ್ತಿಲ್ಲ ಕಣವ್ವ. ಅಷ್ಟು ಕೂಗಿ ಏಳುದ್ರೂ ಆರೋಯ್ತದೆ!"

ಐದನೆಯ ಸಲ ಅಜ್ಜಿಯನ್ನೇ ಬಸ್ಸಿಗೆ ಹತ್ತಿಸಿದರು. ಚಾಮರಾಜನಗರದಲ್ಲಿ ನೌಕರಿಯಲ್ಲಿದ್ದ ನನಗೂ ರಜೆ ಹಾಕಿಸಿದರು. ಘಾಟಿಯುದ್ದಕ್ಕೂ ಅಜ್ಜಿ ವಾಂತಿ ಮಾಡಿಕೊಳ್ಳುತ್ತ, ಹಕ್ಕಿಯನ್ನೂ ಮಗನನ್ನೂ ಸೇರಿಸಿಯೇ ಬೈದಳು.

ಮರಳಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಹತ್ತೇ ಹೆಜ್ಜೆ ದೂರದ ದೋಣಿಯ ಅಂಚಿಗೆ ಬಿಳಿ ಹಕ್ಕಿಯೊಂದು ಬಂದು ಕೂತಿತು. ಚಿಕ್ಕಪ್ಪ ಕ್ಯಾಮರಾ ಕಣ್ಣಿಗಿಟ್ಟರು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಅಯ್ಯೋ, ಕೊಕ್ಕು ಕೆಂಪಗದೆ ಕಣ್ಲಾ! ಕಾಲೂವೆ!"

ನಾನು ಕಾದೆ. ಕೂಗಿಲ್ಲ, ಕ್ಲಿಕ್ಕಿಲ್ಲ. ಹಕ್ಕಿ ಸಾವಕಾಶವಾಗಿ ರೆಕ್ಕೆ ತೀಡಿಕೊಂಡು, ನೀರಿಗಿಳಿದು, ಅಲೆಯ ಮೇಲೆ ತೇಲುತ್ತ ದೂರ ಹೋಗತೊಡಗಿತು. ನನಗೆ ಸಿಟ್ಟೇ ಬಂತು.

"ಏನ್ ಚಿಕ್ಕಪ್ಪ, ಇಷ್ಟು ಹತ್ರ ಬಂದಿತ್ತು, ತೆಗೀಲೇ ಇಲ್ವಲ್ಲ!"

ಚಿಕ್ಕಪ್ಪ ಕ್ಯಾಮರಾ ಇಳಿಸಿ ಕಣ್ಣೊರೆಸಿಕೊಂಡರು.

"ಸುಮ್ಕಿರಮ್ಮಿ," ಅಂದರು ಮೆಲ್ಲಗೆ. "ಅವ್ವ ಇನ್ನೂವೆ ನೋಡ್ತಾವ್ಳೆ."