ಬೂದು ದಾರದ ಹಠ

ಗ್ಲೆನಿಸ್: ಕೆಂಪು ದಾರಾನಾ? ಕೌದಿ ಮೇಲೆ ಕೆಂಪು ದಾರ ಓಡಿಸೋದೂ ಒಂದೇ, ನನ್ನ ತಪ್ಪುಗಳಿಗೆಲ್ಲ ದೀಪ ಹಚ್ಚಿಡೋದೂ ಒಂದೇ!

ಡೆಸ್: ಅಷ್ಟು ಕಷ್ಟಪಟ್ಟು ಹೊಲೀತೀಯ, ಕಾಣಬೇಡ್ವೇನೇ?

ಗ್ಲೆನಿಸ್: ಕೌದಿ ಕಾಣ್ಲಿ. ಹೊಲಿಗೆ ಕಾಣಬಾರದು.

ಊಟದ ಮೇಜಿನ ತುಂಬ ಬೂದು-ನೀಲಿ ತುಂಡುಗಳ ಕೌದಿ ಹರಡಿತ್ತು. ಗುಂಡಗೈ ಊರಿನ ವಾರ್ಷಿಕ ಪ್ರದರ್ಶನದ ಸ್ಪರ್ಧೆಗೆ ಸಂಜೆ ಐದರೊಳಗೆ ಅದನ್ನು ಒಪ್ಪಿಸಬೇಕು. ಹೋದ ವರ್ಷ ತೀರ್ಪುಗಾರ್ತಿ ಬಿಳಿ ಕೈಗವಸು ತೊಟ್ಟು, ಗ್ಲೆನಿಸ್‌ಳ ಕೌದಿ ಮಗುಚಿ ನೋಡಿ, ‘ಗೆರೆ ಓಲಾಡುತ್ತಿದೆ’ ಎಂದು ಎಲ್ಲರೆದುರೇ ಹೇಳಿಬಿಟ್ಟಿದ್ದಳು. ಪಕ್ಕದಲ್ಲೇ ಸ್ಪರ್ಧೆ ಗೆದ್ದ ನೊರೀನ್ ಮೊದಲ ಬಹುಮಾನದ ನೀಲಿ ರಿಬ್ಬನ್ ಹಿಡಿದು ನಿಂತಿದ್ದಳು. ಆ ಉರಿ ಇನ್ನೂ ಆರಿಲ್ಲ.

ಗಂಡ ಡೆಸ್ ಜೀವಮಾನವಿಡೀ ಗ್ರೇಡರ್ ಓಡಿಸಿ ಮಣ್ಣುರಸ್ತೆ ಸಮ ಮಾಡಿದವನು. ಗೆರೆಯ ವಿಚಾರದಲ್ಲೂ ತನ್ನ ಮಾತು ನಡೆಯದಿದ್ದರೆ ಇನ್ನೆಲ್ಲಿ ನಡೆಯಬೇಕು ಎಂಬುದು ಅವನ ಕೊರಗು.

ಡೆಸ್: ಸರಿ, ವಿನ್ಯಾಸ ಯಾವುದು?

ಗ್ಲೆನಿಸ್: ಅಲೆದಾಟ. ಗೆರೆ ಸುತ್ತುತ್ತಾ ಸುತ್ತುತ್ತಾ ಹೋಗುತ್ತೆ. ಎಲ್ಲೂ ತನ್ನನ್ನ ತಾನೇ ದಾಟಬಾರದು.

ಡೆಸ್: ಎಲ್ಲಿಗೆ ಹೋಗುತ್ತೆ?

ಗ್ಲೆನಿಸ್: ಎಲ್ಲಿಗೂ ಇಲ್ಲ.

ಡೆಸ್: ನಾನು ಇಂಥ ರಸ್ತೆ ಮಾಡಿದ್ರೆ ಕೌನ್ಸಿಲ್‌ನವರು ಮನೆಗೆ ಕಳಿಸ್ತಿದ್ರು. ಗರಿ ಹಾಕೇ, ಲಕ್ಷಣವಾಗಿರುತ್ತೆ.

ಗ್ಲೆನಿಸ್: ಹೋದ ವರ್ಷ ಹಾಕಿದ್ದು ಗರೀನೇ. ‘ಎಲೆಕೋಸು ಚೆನ್ನಾಗಿದೆ’ ಅಂದ್ರಿ.

ಡೆಸ್: ಹೊಗಳಿದ್ದೆ ಕಣೇ!

ಅವಳು ಮೇಜಿನ ತುದಿಯಲ್ಲಿದ್ದ ಹೊಲಿಗೆ ಮಿಷನ್‌ಗೆ ಬೂದು ದಾರವನ್ನೇ ಪೋಣಿಸಿ ಪೆಡಲ್ ಒತ್ತಿದಳು. ಎರಡೂ ಕೈಯಲ್ಲಿ ಕೌದಿ ಹಿಡಿದು ಸೂಜಿಯ ಕೆಳಗೆ ಆಡಿಸತೊಡಗಿದಳು.

ಡೆಸ್: ಎಡಕ್ಕೆ ತಿರುಗಿಸು... ಅಯ್ಯೋ, ಮೂಲೇಲಿ ಸಿಕ್ಕೊಂಡೆ ನೋಡು. ರಿವರ್ಸ್ ತಗೋ!

ಗ್ಲೆನಿಸ್: ಇದಕ್ಕೆ ರಿವರ್ಸ್ ಇಲ್ಲ, ನಿಮ್ಮ ಬಾಯಿಗೆ ಬ್ರೇಕ್ ಇಲ್ಲ!

ಡೆಸ್: ಮಿಷನ್ ಯಾಕೋ ಗುರುಗುಟ್ತಾ ಇದೆ.

ಗ್ಲೆನಿಸ್: ನಿಮ್ಮ ಮಾತು ಕೇಳಿ ಕೇಳಿ ಅದಕ್ಕೂ ಸಾಕಾಗಿದೆ.

ನಾಲ್ಕೂವರೆಗೆ ಕೊನೆಯ ಹೊಲಿಗೆ ಬಿತ್ತು. ಗೆರೆ ಎಲ್ಲೂ ಓಲಾಡಿದಂತೆ ಕಾಣಲಿಲ್ಲ. ಗ್ಲೆನಿಸ್ ಹಿಗ್ಗಿನಿಂದ ಕೌದಿ ಎತ್ತಿ ಕೊಡವಿದಳು. ಅಡಿಯಿಂದ ಒಂದು ತೋಳು ಜೋತುಬಿತ್ತು.

ಡೆಸ್: ಕೌದಿಗೆ ತೋಳು ಯಾಕೇ? ಅಯ್ಯಯ್ಯೋ, ನನ್ನ ಜೆರ್ಸಿ!

ಬೆಳಿಗ್ಗೆ ಅವನೇ ಬಿಚ್ಚಿ ಮೇಜಿನ ಮೇಲೆ ಎಸೆದಿದ್ದ ಬೂದು ಫುಟ್‌ಬಾಲ್ ಜೆರ್ಸಿ, ಕೌದಿಯಡಿ ಸಿಕ್ಕಿ, ಕೊರಳಿಂದ ಅಂಚಿನವರೆಗೆ ಅದಕ್ಕೇ ಹೊಲಿದುಹೋಗಿತ್ತು. ತಾನು ಅದನ್ನು ತೊಡದಿದ್ದರೆ ಊರಿನ ತಂಡ ಸೋಲುತ್ತದೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಗ್ಲೆನಿಸ್: ಮೇಜಿನ ಮೇಲೆ ಬಟ್ಟೆ ಎಸೀಬೇಡಿ ಅಂತ ಬಡ್ಕೊಂಡೆ! ಕತ್ತರಿ ಕೊಡಿ.

ಡೆಸ್: ಕತ್ತರಿ ಮುಟ್ಟಿದ್ರೆ ನೋಡು! ಹೊಲಿಗೆ ಬಿಚ್ಚು.

ಅವಳು ಕನ್ನಡಕ ಏರಿಸಿ ಕಿಟಕಿಗೆ ಓಡಿದಳು. ಕೌದಿಯನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

ಗ್ಲೆನಿಸ್: ರೀ... ಹೊಲಿಗೆ ಎಲ್ಲಿದೆ?

ಡೆಸ್: ಕಾಣ್ತಿಲ್ವಾ?

ಗ್ಲೆನಿಸ್: ಒಂದೂ ಕಾಣ್ತಿಲ್ಲ.

ಡೆಸ್: ಕೆಂಪು ದಾರ ಅಂದ್ನೋ ಇಲ್ವೋ? ಈಗ ಹೇಳು!

ಗೆದ್ದ ಖುಷಿಯಲ್ಲಿ ಅವನು ಹೆಂಡತಿಯ ಮುಖ ನೋಡಿದ. ಅವಳಾಗಲೇ ನಗುತ್ತಾ ಕೌದಿ ಮಡಚುತ್ತಿದ್ದಳು.

ಗ್ಲೆನಿಸ್: ಹೊಲಿದವಳಿಗೇ ಕಾಣದ್ದು ತೀರ್ಪುಗಾರ್ತಿಗೆ ಎಲ್ಲಿಂದ ಕಾಣುತ್ತೆ? ಜೆರ್ಸಿ ಬೇಕಂತಲೇ ಇಟ್ಟಿದ್ದು ಅಂತೀನಿ. ಕಾರು ತೆಗೀರಿ.

ಡೆಸ್: ಶನಿವಾರ ಮ್ಯಾಚಿಗೆ ನಾನೇನೇ ಹಾಕ್ಕೊಳ್ಳಲಿ?

ಗ್ಲೆನಿಸ್: ನಂಗೆ ಮೊದಲ ಬಹುಮಾನ ಬರ್ಲಿ ಅಂತ ಬೇಡ್ಕೊಳ್ಳಿ. ರಿಬ್ಬನ್ ಹಾಕ್ಕೊಂಡು ಹೋಗೋರಂತೆ.